ಹೈಸ್ಕೂಲ್ ಮಕ್ಕಳ ಆರೋಗ್ಯ: ಮಗುವನ್ನು ತಿದ್ದುವ ಮೊದಲು ಮನೆಯನ್ನು ಹೊಂದಿಸಿ

ಒಂದು ಸಂಜೆ ನಾನು ಮಗನಿಗೆ ಹೇಳಿದ ಮಾತುಗಳನ್ನು ಎಣಿಸಿದೆ. ಅವನಿಗಾಗ ಹದಿನಾಲ್ಕು. ಸ್ಕೂಲಿಂದ ಬಂದಾಗಿನಿಂದ ಮಲಗುವವರೆಗೆ ಒಟ್ಟು ಹತ್ತೊಂಬತ್ತು ಮಾತು. ಕೈಕಾಲು ತೊಳಿ, ಊಟ ಮಾಡು, ನೆಟ್ಟಗೆ ಕೂತ್ಕೋ, ಫೋನ್ ಇಡು, ಓದಿದೆಯಾ, ಮಲಗು. ಅದರಲ್ಲಿ ಹದಿನೇಳು ಅಪ್ಪಣೆ. ಉಳಿದ ಎರಡರಲ್ಲಿ ಒಂದು, "ಮಾರ್ಕ್ಸ್ ಬಂತಾ?" ಅವನು ಆಡಿದ್ದು ಮೂರೇ ಮಾತು: "ಹೂಂ", "ಆಮೇಲೆ", "ಗೊತ್ತಿಲ್ಲ".

ನಿದ್ದೆ ಮಾಡಬೇಕು, ತರಕಾರಿ ತಿನ್ನಬೇಕು, ಆಟ ಆಡಬೇಕು ಅಂತ ಈ ವಯಸ್ಸಿನ ಮಕ್ಕಳಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಅದನ್ನೇ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿರುತ್ತಾರೆ. ತೊಂದರೆ ಇರುವುದು ಬೇರೆ ಕಡೆ. ಅದನ್ನೆಲ್ಲ ಮಾಡುವುದಕ್ಕೆ ಅವರ ದಿನದಲ್ಲಿ ಜಾಗವೇ ಇರುವುದಿಲ್ಲ. ಆ ಜಾಗ ಮಾಡಿಕೊಡುವುದು ನಮ್ಮ ಕೈಯಲ್ಲಿದೆ. ಹಾಗಾಗಿ ಮಗುವಿಗೆ ಏನು ಹೇಳಬೇಕು ಅನ್ನುವುದಕ್ಕಿಂತ ಮನೆಯಲ್ಲಿ ಏನು ಬದಲಿಸಬೇಕು ಅನ್ನುವುದೇ ಇಲ್ಲಿ ಜಾಸ್ತಿ. 13ರಿಂದ 18 ವಯಸ್ಸಿನ ಮಕ್ಕಳಿರುವ ಮನೆಗೆ ಇದು ಹೊಂದುತ್ತದೆ. ಎಲ್ಲ ಹಂತಗಳನ್ನೂ ಒಂದೇ ವಾರದಲ್ಲಿ ಶುರು ಮಾಡಬೇಡಿ. ಒಂದು ಬದಲಾವಣೆ ಮಾಡಿ, ಎರಡು ಮೂರು ವಾರ ನಡೆಯಲಿ, ಆಮೇಲೆ ಮುಂದಿನದು.

ಹಂತ 1: ಒಂದು ವಾರ ಸುಮ್ನೆ ನೋಡಿ

ಈ ವಾರ ಏನನ್ನೂ ಬದಲಿಸಬೇಡಿ. ಒಂದು ಹಾಳೆಯಲ್ಲಿ ದಿನಕ್ಕೆ ನಾಲ್ಕೇ ವಿಷಯ ಬರೆದುಕೊಳ್ಳಿ. ಮಗುವಿನ ಕೋಣೆಯ ದೀಪ ಆರಿದ್ದು ಎಷ್ಟು ಗಂಟೆಗೆ, ಎದ್ದದ್ದು ಎಷ್ಟು ಗಂಟೆಗೆ, ಮನೆಯವರ ಜೊತೆ ಕೂತು ಊಟ ಮಾಡಿತಾ, ಹಗಲು ಬೆಳಕಲ್ಲಿ ಎಷ್ಟು ಹೊತ್ತು ಹೊರಗಿತ್ತು.

ಇದು ಕದ್ದು ನೋಡುವ ಕೆಲಸ ಆಗಬಾರದು. ಫೋನ್ ತೆರೆಯುವುದು, ಬ್ಯಾಗ್ ತಡಕುವುದು ಬೇಡ. ಮಗು ಕೇಳಿದರೆ ಹಾಳೆ ತೋರಿಸಿ. ಅದರ ಪಕ್ಕದಲ್ಲೇ ನಿಮ್ಮ ನಾಲ್ಕು ಲೆಕ್ಕವನ್ನೂ ಬರೆದಿದ್ದರೆ ಇನ್ನೂ ಒಳ್ಳೆಯದು. ನನ್ನ ಹಾಳೆಯಲ್ಲಿ ಮಗನ ದೀಪ ಆರುತ್ತಿದ್ದದ್ದು 11:20ಕ್ಕೆ, ನನ್ನದು 12:10ಕ್ಕೆ. ಆಮೇಲೆ ಬೈಯಲು ಬಾಯಿ ಬರಲಿಲ್ಲ.

ಹಂತ 2: ಮೊದಲು ನಿದ್ದೆ

ನಿಮ್ಮಿಂದ ಒಂದನ್ನೇ ಬದಲಿಸಲು ಆಗುವುದಾದರೆ ಇದನ್ನು ಬದಲಿಸಿ. ನಿದ್ದೆ ಕೆಟ್ಟ ಮಗುವಿಗೆ ಬೆಳಗ್ಗೆ ಹಸಿವಿರುವುದಿಲ್ಲ, ಸಂಜೆ ಆಟಕ್ಕೆ ಹುರುಪಿರುವುದಿಲ್ಲ, ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ಸಣ್ಣ ಮಾತಿಗೂ ಸಿಡುಕು. ನಾವು ನಾಲ್ಕು ಬೇರೆ ಬೇರೆ ಸಮಸ್ಯೆ ಅಂದುಕೊಂಡಿದ್ದರ ಬೇರು ಎಷ್ಟೋ ಸಲ ಇಲ್ಲೇ ಇರುತ್ತದೆ.

13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. "ದೊಡ್ಡವನಾದ, ಇನ್ನು ಆರು ಗಂಟೆ ಸಾಕು" ಅನ್ನುವುದು ಹಳೆಯ ತಪ್ಪು ಲೆಕ್ಕ. 1976ರಲ್ಲಿ ಮೇರಿ ಕಾರ್ಸ್‌ಕಾಡನ್ ಎಂಬ ಸಂಶೋಧಕಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಕ್ಕಳಿಗಾಗಿ ಬೇಸಿಗೆಯ ನಿದ್ದೆ ಶಿಬಿರ ಶುರು ಮಾಡಿದರು. ದೊಡ್ಡವರಾದಂತೆ ಮಕ್ಕಳಿಗೆ ನಿದ್ದೆ ಕಡಿಮೆ ಸಾಕಾಗುತ್ತದೆ ಎಂಬುದು ಆಗಿನ ನಂಬಿಕೆ. ರಾತ್ರಿ ಹತ್ತು ಗಂಟೆಯಷ್ಟು ಹೊತ್ತು ಮಲಗಲು ಬಿಟ್ಟು ನೋಡಿದಾಗ ಹತ್ತು ವರ್ಷದವರೂ ಹದಿನೇಳರವರೂ ಹೆಚ್ಚುಕಡಿಮೆ ಒಂದೇ ಸಮ, ಒಂಬತ್ತು ಗಂಟೆಗೂ ಸ್ವಲ್ಪ ಮೇಲೆ ಮಲಗಿದರು. ಅಷ್ಟು ಮಲಗಿದ ಮೇಲೂ ದೊಡ್ಡ ಮಕ್ಕಳಿಗೇ ಹಗಲಲ್ಲಿ ಜಾಸ್ತಿ ತೂಕಡಿಕೆ.

ಇನ್ನೊಂದು ವಿಷಯವೂ ಇದೆ. ಕತ್ತಲಾದ ಮೇಲೆ ದೇಹವನ್ನು ನಿದ್ದೆಗೆ ಸಿದ್ಧ ಮಾಡುವ ಮೆಲಟೋನಿನ್ ಎಂಬ ಹಾರ್ಮೋನು ಹದಿಹರೆಯದಲ್ಲಿ ತಡವಾಗಿ ಏರುತ್ತದೆ. ಈ ವಯಸ್ಸಿನವರ ಒಳಗಿನ ಗಡಿಯಾರ ಎರಡು ಗಂಟೆಯವರೆಗೂ ಹಿಂದೆ ಬೀಳಬಹುದು. ಒಂಬತ್ತಕ್ಕೆ "ನಿದ್ದೆ ಬರ್ತಿಲ್ಲ" ಅಂದರೆ ಅದು ನೆಪವಲ್ಲ. ಇದನ್ನೆಲ್ಲ ನೋಡಿಯೇ 2014ರಲ್ಲಿ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಎಂಬ ಮಕ್ಕಳ ಡಾಕ್ಟರುಗಳ ಸಂಘ, ಈ ವಯಸ್ಸಿನವರ ಶಾಲೆ 8:30ಕ್ಕಿಂತ ಮೊದಲು ಶುರುವಾಗಬಾರದು ಎಂದು ಹೇಳಿತು. ಕ್ಯಾಲಿಫೋರ್ನಿಯಾ ರಾಜ್ಯ 2019ರಲ್ಲಿ ಅದನ್ನು ಹೈಸ್ಕೂಲುಗಳಿಗೆ ಕಾನೂನು ಮಾಡಿ, 2022ರಿಂದ ಜಾರಿಗೆ ತಂದಿತು. ಶಾಲೆಯ ಗಂಟೆ ಬದಲಿಸುವುದು ನಮ್ಮ ಕೈಯಲ್ಲಿಲ್ಲ, ಸರಿ. ಆದರೆ ಮಗು ಸೋಮಾರಿ ಅಂತ ಕರೆಯುವುದನ್ನಾದರೂ ನಿಲ್ಲಿಸಬಹುದು, ಅಲ್ವಾ?

ಈಗ ಮಾಡಬೇಕಾದ್ದು. ಏಳುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ. ಬೆಳಗ್ಗೆ 6:15ಕ್ಕೆ ಏಳಲೇಬೇಕು ಅಂದರೆ 9:45ಕ್ಕೆ ನಿದ್ದೆ ಹತ್ತಿರಬೇಕು. ಆಗ ಎಂಟೂವರೆ ಗಂಟೆ ಸಿಗುತ್ತದೆ. ಅಂದರೆ 9:15ಕ್ಕೆ ಪುಸ್ತಕ, ಪರದೆ ಎಲ್ಲ ಮುಚ್ಚಬೇಕು. ಈಗ ಹನ್ನೊಂದೂವರೆಗೆ ಮಲಗುವ ಮಗುವನ್ನು ಇವತ್ತೇ ಅಲ್ಲಿಗೆ ಎಳೆಯಲು ಹೋದರೆ ಅದು ಹಾಸಿಗೆಯಲ್ಲಿ ಹೊರಳಾಡಿ ರೇಗುತ್ತದೆ, ಅಷ್ಟೇ. ಮೂರು ನಾಲ್ಕು ದಿನಕ್ಕೊಮ್ಮೆ ಮಲಗುವ ಹೊತ್ತನ್ನು ಹದಿನೈದು ನಿಮಿಷ ಬೇಗ ಮಾಡಿ. ಬೆಳಗ್ಗೆ ಎದ್ದ ಕೂಡಲೇ ಕಿಟಕಿ ಪರದೆ ಸರಿಸಿ. ಆಗುವುದಾದರೆ ಹತ್ತು ನಿಮಿಷ ಹೊರಗೆ ನಿಲ್ಲಲಿ. ಒಳಗಿನ ಗಡಿಯಾರವನ್ನು ಮುಂದಕ್ಕೆ ತಿರುಗಿಸುವ ಕೀಲಿ ಬೆಳಗಿನ ಬೆಳಕು.

ರಜಾದಿನಗಳಲ್ಲಿ ಒಂದು ಗಂಟೆ ತಡವಾಗಿ ಏಳಲಿ, ಮಧ್ಯಾಹ್ನದವರೆಗೆ ಬೇಡ. ಎರಡು ದಿನ ಮಧ್ಯಾಹ್ನಕ್ಕೆದ್ದರೆ ಗಡಿಯಾರ ಮತ್ತೆ ಹಿಂದೆ ಹೋಗುತ್ತದೆ. ವಾರದ ಮೊದಲ ದಿನವೇ ಕಷ್ಟ. ಹಗಲಲ್ಲಿ ಮಲಗಬೇಕು ಅನಿಸಿದರೆ ಸ್ಕೂಲಿಂದ ಬಂದ ತಕ್ಷಣ ಇಪ್ಪತ್ತು ನಿಮಿಷ ಸಾಕು.

ಫೋನ್ ರಾತ್ರಿ ಕೋಣೆಯ ಹೊರಗಿರಬೇಕು. ಇದಕ್ಕೆ ದೊಡ್ಡ ಭಾಷಣ ಬೇಡ. ಹಜಾರದಲ್ಲಿ ಒಂದು ಚಾರ್ಜಿಂಗ್ ಜಾಗ ಮಾಡಿ, ಒಂದು ಮಾಮೂಲಿ ಅಲಾರಂ ಗಡಿಯಾರ ತನ್ನಿ, ಯಾಕೆಂದರೆ "ಅಲಾರಂಗೆ ಫೋನ್ ಬೇಕು" ಅನ್ನುವುದೇ ಮೊದಲ ಆಕ್ಷೇಪ. ಅಲ್ಲಿ ಎಲ್ಲರ ಫೋನೂ ಇರಬೇಕು. ನಮ್ಮ ಮನೆಯಲ್ಲಿ ಮೂರನೇ ರಾತ್ರಿಯೇ, "ಅಮ್ಮಾ, ನಿಂದೆಲ್ಲಿ?" ಎಂಬ ಪ್ರಶ್ನೆ ಬಂತು. ನನ್ನದು ದಿಂಬಿನ ಕೆಳಗಿತ್ತು. ಎದ್ದು ಹೋಗಿ ಇಟ್ಟು ಬಂದೆ.

ಕಾಫಿ, ಎನರ್ಜಿ ಡ್ರಿಂಕ್ ವಿಷಯ. ಇವುಗಳಲ್ಲಿರುವ, ನಿದ್ದೆ ಓಡಿಸುವ ಕೆಫೀನ್ ಅರ್ಧದಷ್ಟು ದೇಹದಿಂದ ಹೊರಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಐದಕ್ಕೆ ಕುಡಿದ ಕಾಫಿಯ ಅರ್ಧ ಕೆಫೀನ್ ರಾತ್ರಿ ಹತ್ತಕ್ಕೂ ಒಳಗೇ ಇರುತ್ತದೆ. ಮಧ್ಯಾಹ್ನದ ಮೇಲೆ ಬೇಡ ಎಂಬ ನಿಯಮ ಸಾಕು. ಎನರ್ಜಿ ಡ್ರಿಂಕ್ ಅಂತೂ ಮಕ್ಕಳಿಗೆ ಯಾವ ಹೊತ್ತಿಗೂ ಬೇಡ.

ಇಷ್ಟೆಲ್ಲ ಮಾಡಿದ ಮೇಲೂ ಲೆಕ್ಕ ಕೂಡದಿರಬಹುದು. ಶಾಲೆ, ಟ್ಯೂಷನ್, ಹೋಮ್‌ವರ್ಕ್, ಓಡಾಟ ಎಲ್ಲ ಕೂಡಿಸಿದರೆ ನಿದ್ದೆಗೆ ಆರೇ ಗಂಟೆ ಉಳಿಯುತ್ತದೆ. ಆಗ ಮಗುವಿಗೆ ಸಮಯಪಾಲನೆ ಕಲಿಸಲು ಹೋಗಬೇಡಿ. ದಿನಕ್ಕಿರುವುದು 24 ಗಂಟೆ, ಏನೋ ಒಂದನ್ನು ಬಿಡಲೇಬೇಕು. ಯಾವುದನ್ನು ಬಿಡುವುದು ಅಂತ ಮಗುವಿನ ಜೊತೆ ಕೂತು ತೀರ್ಮಾನಿಸಿ. ನಾವು ಬಿಟ್ಟದ್ದು ವಾರಕ್ಕೆ ಮೂರು ದಿನದ ಒಂದು ಟ್ಯೂಷನ್. ಮಾರ್ಕ್ಸ್ ಬೀಳಲಿಲ್ಲ. ಏರಲೂ ಇಲ್ಲ, ಆ ಮಾತು ಬೇರೆ.

ಹಂತ 3: ಊಟದ ಮೇಜು, ಮತ್ತು ಮೇಜಿನ ಮೇಲಿನ ಮಾತು

ದೊಡ್ಡವರಾದಾಗ ಇರುವ ತೂಕದ ಹೆಚ್ಚುಕಡಿಮೆ ಅರ್ಧ ಬರುವುದು ಹದಿಹರೆಯದಲ್ಲೇ. ಅಂಥ ಮಗು ಊಟವಾಗಿ ಒಂದು ಗಂಟೆಗೆ ಮತ್ತೆ ಅಡುಗೆಮನೆಗೆ ಬಂದರೆ ಅದು ಹೊಟ್ಟೆಬಾಕತನವಲ್ಲ. ಆಗ ಕಣ್ಣಿಗೆ ಮೊದಲು ಏನು ಬೀಳುತ್ತದೆ ಎಂಬುದು ನಿಮ್ಮ ಕೆಲಸ. ತೊಳೆದ ಹಣ್ಣು, ಬೇಯಿಸಿದ ಮೊಟ್ಟೆ, ಮೊಸರು, ನೆನೆಸಿದ ಕಾಳು, ಕಡಲೆಬೀಜ ಎದುರಿಗಿರಲಿ. ಕರಿದ ಪ್ಯಾಕೆಟ್ ತಿಂಡಿಯನ್ನು ಮನೆಗೆ ತಂದಿಟ್ಟು, ಆಮೇಲೆ "ಅದನ್ನ ಮುಟ್ಟಬೇಡ" ಅಂತ ಕಾವಲು ಕೂರುವುದು ಯಾರಿಗೂ ಬೇಡದ ಕೆಲಸ. ತರದಿದ್ದರೆ ಆಯ್ತು. ಹೊರಗೆ ಗೆಳೆಯರ ಜೊತೆ ತಿಂದರೆ ತಿನ್ನಲಿ ಬಿಡಿ.

ಈ ವಯಸ್ಸಲ್ಲಿ ಕಣ್ಣಿಡಬೇಕಾದ್ದು ಕಬ್ಬಿಣ ಮತ್ತು ಕ್ಯಾಲ್ಸಿಯಂ ಮೇಲೆ. ಅಮೆರಿಕದ ಆಹಾರ ಶಿಫಾರಸಿನ ಪ್ರಕಾರ 14ರಿಂದ 18ರ ಹುಡುಗಿಯರಿಗೆ ದಿನಕ್ಕೆ 15 ಮಿಲಿಗ್ರಾಂ ಕಬ್ಬಿಣ ಬೇಕು, ಹುಡುಗರಿಗೆ 11. ಮುಟ್ಟಿನಲ್ಲಿ ರಕ್ತ ಹೋಗುವುದರಿಂದ ಹುಡುಗಿಯರಿಗೆ ಜಾಸ್ತಿ. ಸೊಪ್ಪು, ಬೇಳೆಕಾಳಿನ ಕಬ್ಬಿಣವನ್ನು ದೇಹ ಸುಲಭಕ್ಕೆ ಹೀರಿಕೊಳ್ಳುವುದಿಲ್ಲ. ಜೊತೆಗೆ ನಿಂಬೆರಸ, ಕಿತ್ತಳೆ, ಟೊಮೆಟೊ ಥರದ್ದು ಇದ್ದರೆ ಚೆನ್ನಾಗಿ ಹಿಡಿಯುತ್ತದೆ. ಊಟದ ಜೊತೆಗೇ ಟೀ ಕಾಫಿ ಕುಡಿದರೆ ಬಿಟ್ಟುಹೋಗುತ್ತದೆ. ಸದಾ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಬಿಳಚಿದ ಮುಖ ಕಂಡರೆ ರಕ್ತ ಪರೀಕ್ಷೆ ಮಾಡಿಸಿ. ನೀವೇ ಊಹಿಸಿ ಮಾತ್ರೆ ಕೊಡಬೇಡಿ.

ಕ್ಯಾಲ್ಸಿಯಂ ಇಬ್ಬರಿಗೂ ದಿನಕ್ಕೆ 1300 ಮಿಲಿಗ್ರಾಂ. ಒಂದು ಲೋಟ ಹಾಲಲ್ಲಿ ಸುಮಾರು 300 ಸಿಗುತ್ತದೆ. ಮೂಳೆಯ ಗಟ್ಟಿತನದ ಬಹುಪಾಲು ಇಪ್ಪತ್ತರ ಒಳಗೇ ಕೂಡಿಕೊಳ್ಳುತ್ತದೆ. ಈಗ ತುಂಬಿದ ಖಜಾನೆಯಿಂದಲೇ ಅರವತ್ತರಲ್ಲಿ ಖರ್ಚು ಮಾಡಬೇಕು. ಹಾಲು ಆಗದವರಿಗೆ ಮೊಸರು, ಎಳ್ಳು, ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು ಇವೆ.

ಪ್ರೋಟೀನ್ ಪುಡಿ ಕೇಳುವ ಹುಡುಗರ ಬಗ್ಗೆ ಒಂದು ಮಾತು. ಮೊಟ್ಟೆ, ಕಾಳು, ಹಾಲು, ಮಾಂಸ ಹೊಟ್ಟೆ ತುಂಬಾ ತಿನ್ನುವ ಹುಡುಗನಿಗೆ ಅದರ ಅಗತ್ಯವಿಲ್ಲ. ಆದರೆ ಬರೀ "ಬೇಡ" ಅಂದರೆ ಗೆಳೆಯನ ಡಬ್ಬಿಯಿಂದ ತಿನ್ನುತ್ತಾನೆ. ಯಾಕೆ ಬೇಕು ಅನಿಸಿತು ಅಂತ ಕೇಳಿ. ಬಹಳ ಸಲ ಉತ್ತರ ದೇಹದ ಬಗ್ಗೆ ಇರುವುದಿಲ್ಲ. ಯಾರೋ ಕಡ್ಡಿ ಅಂತ ರೇಗಿಸಿದ್ದರ ಬಗ್ಗೆ ಇರುತ್ತದೆ.

ಇಲ್ಲೇ ಒಂದು ಖಡಾಖಂಡಿತ ನಿಯಮ ಹೇಳುತ್ತೇನೆ. ಮಗುವಿನ ತೂಕ, ಬಣ್ಣ, ಮೈಕಟ್ಟಿನ ಬಗ್ಗೆ ಮನೆಯಲ್ಲಿ ಯಾರೂ ತಮಾಷೆಗೂ ಮಾತಾಡಬಾರದು. ಬಂದ ನೆಂಟರೂ ಸೇರಿ. ತೂಕದ ಬಗ್ಗೆ ಮನೆಯವರಿಂದ ಮಾತು ಕೇಳಿಸಿಕೊಂಡ ಮಕ್ಕಳೇ ಉಪವಾಸ, ಗುಟ್ಟಾಗಿ ತಿನ್ನುವುದು, ವಾಂತಿ ಮಾಡಿಕೊಳ್ಳುವುದು ಇಂಥ ದಾರಿಗೆ ಜಾಸ್ತಿ ಇಳಿಯುತ್ತಾರೆ. ಬದಲಾವಣೆ ಬೇಕೇ ಬೇಕು ಅಂದರೆ ಇಡೀ ಮನೆಯ ಅಡುಗೆ ಬದಲಿಸಿ. ಒಬ್ಬರ ತಟ್ಟೆಯನ್ನು ಮಾತ್ರ ಬೇರೆ ಮಾಡಬೇಡಿ. ಊಟವಾದ ಕೂಡಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, "ಆಗಲೇ ತಿಂದೆ" ಎಂಬ ಮಾತು ದಿನಾ ಬರುವುದು, ಮುಟ್ಟು ನಿಂತುಹೋಗುವುದು, ತೂಕ ಜಾರುತ್ತಿರುವುದು ಕಂಡರೆ ಕಾಯಬೇಡಿ, ಡಾಕ್ಟರ್ ನೋಡಲಿ.

ದಿನಕ್ಕೆ ಒಂದು ಹೊತ್ತು ಎಲ್ಲರೂ ಒಟ್ಟಿಗೆ ಕೂತು ತಿನ್ನಿ. ಅದು ರಾತ್ರಿಯೇ ಆಗಬೇಕಿಲ್ಲ, ಬೆಳಗಿನ ಹದಿನೈದು ನಿಮಿಷವೂ ನಡೆಯುತ್ತದೆ. ಟಿವಿ ಇಲ್ಲ, ಫೋನ್ ಇಲ್ಲ. ಮಾರ್ಕ್ಸ್ ಮಾತು ಅಲ್ಲಿಗೆ ತರಬೇಡಿ, ದಯವಿಟ್ಟು.

ಹಂತ 4: ಮೈ ಆಡಲಿ

ಈ ವಯಸ್ಸಿನವರು ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಷ್ಟು ಓಡಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದೇ ಸಂಸ್ಥೆಯ 2016ರ ಲೆಕ್ಕದಲ್ಲಿ 11ರಿಂದ 17 ವಯಸ್ಸಿನ ಶಾಲಾ ಮಕ್ಕಳಲ್ಲಿ ನೂರಕ್ಕೆ 81 ಮಂದಿ ಅಷ್ಟು ಆಡುತ್ತಿರಲಿಲ್ಲ. ಹುಡುಗಿಯರಲ್ಲಿ 85. ಅಂದರೆ ನಿಮ್ಮ ಮಗು ಲೋಕದಲ್ಲಿ ಒಬ್ಬನೇ ಸೋಮಾರಿಯಲ್ಲ.

ಅರವತ್ತು ನಿಮಿಷ ಒಟ್ಟಿಗೇ ಬೇಕಿಲ್ಲ. ಹತ್ತಿರವಿದ್ದರೆ ಶಾಲೆಗೆ ನಡೆದು ಅಥವಾ ಸೈಕಲ್‌ನಲ್ಲಿ ಹೋಗುವುದು, ಸಂಜೆ ಅರ್ಧ ಗಂಟೆ ಆಟ, ಮೆಟ್ಟಿಲು, ಕುಣಿತ ಎಲ್ಲ ಸೇರುತ್ತದೆ. ಗೆಲ್ಲುವ ಆಟವೇ ಬೇಕು ಅಂತಿಲ್ಲ. ಟೀಮಿಗೆ ಆಯ್ಕೆ ಆಗದ ದಿನವೇ ಎಷ್ಟೋ ಮಕ್ಕಳು ಆಟ ಬಿಡುತ್ತಾರೆ. ಹುಡುಗಿ ಇದ್ದಕ್ಕಿದ್ದಂತೆ ಆಟ ಬಿಟ್ಟಳು ಅಂದರೆ ಕಾರಣ ಮುಟ್ಟು, ಬೆವರಿದ ಬಟ್ಟೆ, ಅಳತೆಗೆ ಸರಿಯಿಲ್ಲದ ಒಳ ಉಡುಪು, ಯಾರದೋ ನೋಟ ಇವುಗಳಲ್ಲಿ ಒಂದಿರಬಹುದು. ಕೇಳಿದರೆ ಪರಿಹಾರ ಸಿಗುತ್ತದೆ. ಹಗಲಲ್ಲಿ ಹೊರಗೆ ಇರುವುದರಿಂದ ಕಣ್ಣಿಗೂ ಲಾಭ. ಹೊರಗೆ ಜಾಸ್ತಿ ಇರುವ ಮಕ್ಕಳಲ್ಲಿ ಸಮೀಪದೃಷ್ಟಿ ಶುರುವಾಗುವುದು ಕಡಿಮೆ.

ಆಟದಲ್ಲಿ ತಲೆಗೆ ಪೆಟ್ಟು ಬಿದ್ದು ತಲೆ ತಿರುಗಿದರೆ, ಮಂಕಾದರೆ ಅವತ್ತು ಮತ್ತೆ ಮೈದಾನಕ್ಕಿಳಿಸಬಾರದು. ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ತೊದಲು ಮಾತು, ಎಬ್ಬಿಸಿದರೂ ಏಳದಂಥ ಮಂಪರು ಇದ್ದರೆ ನೇರ ಆಸ್ಪತ್ರೆಗೆ.

ಹಂತ 5: ನಾಚಿಕೆಯ ವಿಷಯಗಳನ್ನು ನೀವೇ ಮೊದಲು ಎತ್ತಿ

ಮಗು ಬಂದು ಕೇಳುತ್ತದೆ ಅಂತ ಕಾದರೆ ಕಾಯುತ್ತಲೇ ಇರಬೇಕು.

ಹುಡುಗಿಯರಿಗೆ ಮುಟ್ಟು ಶುರುವಾದ ಮೊದಲ ವರ್ಷಗಳಲ್ಲಿ 21ರಿಂದ 45 ದಿನದ ಅಂತರ ಇರಬಹುದು, ಗಾಬರಿ ಬೇಡ. ಏಳು ದಿನ ದಾಟಿಯೂ ಹೋಗುತ್ತಿದ್ದರೆ, ಒಂದೆರಡು ಗಂಟೆಗೆ ಪ್ಯಾಡ್ ಪೂರ್ತಿ ತೊಯ್ದರೆ, ಮೂರು ತಿಂಗಳು ಬಾರದಿದ್ದರೆ, 15 ತುಂಬಿದರೂ ಶುರುವೇ ಆಗದಿದ್ದರೆ ಡಾಕ್ಟರಿಗೆ ತೋರಿಸಿ. ಪ್ರತಿ ತಿಂಗಳೂ ಶಾಲೆ ತಪ್ಪಿಸುವಷ್ಟು ಹೊಟ್ಟೆನೋವು ಬರುತ್ತಿದ್ದರೆ "ನಮಗೂ ಇತ್ತು, ಸಹಿಸ್ಕೋ" ಅನ್ನಬೇಡಿ. ಅದಕ್ಕೆ ಚಿಕಿತ್ಸೆ ಇದೆ. ಮನೆಯ ಹುಡುಗರಿಗೂ ಇದೆಲ್ಲ ಗೊತ್ತಿರಲಿ.

ಹುಡುಗರಿಗೆ ಹೇಳಲೇಬೇಕಾದ ಒಂದು ವಿಷಯವನ್ನು ಹೆಚ್ಚಿನ ಮನೆಗಳಲ್ಲಿ ಯಾರೂ ಹೇಳುವುದಿಲ್ಲ. ವೃಷಣದಲ್ಲಿ, ಅಂದರೆ ಬೀಜದಲ್ಲಿ, ಇದ್ದಕ್ಕಿದ್ದಂತೆ ಜೋರು ನೋವು ಬಂದರೆ ಅದು ಒಳಗೆ ತಿರುಚಿಕೊಂಡಿರಬಹುದು. ಆಗ ರಕ್ತ ಓಡಾಟ ನಿಲ್ಲುತ್ತದೆ. ಸುಮಾರು ಆರು ಗಂಟೆಯೊಳಗೆ ಆಪರೇಷನ್ ಆದರೆ ಸಾಮಾನ್ಯವಾಗಿ ಉಳಿಯುತ್ತದೆ, ತಡವಾದಷ್ಟೂ ಕಳೆದುಕೊಳ್ಳುವ ಸಂಭವ ಜಾಸ್ತಿ. ಹುಡುಗರು ನಾಚಿಕೆಯಿಂದ "ಹೊಟ್ಟೆನೋವು" ಅಂತ ಮಾತ್ರ ಹೇಳಿ ಮುದುಡಿ ಮಲಗುತ್ತಾರೆ. "ಅಲ್ಲಿ ನೋವಾದರೆ ಮಧ್ಯರಾತ್ರಿ ಆದ್ರೂ ಎಬ್ಬಿಸು, ಬೆಳಗಾಗಲಿ ಅಂತ ಕಾಯಬೇಡ" ಎಂದು ಒಂದು ಸಲ ಹೇಳಿಟ್ಟರೆ ಸಾಕು. ಹೇಳುವಾಗ ಇಬ್ಬರಿಗೂ ಒಂದು ನಿಮಿಷ ಮುಜುಗರ ಆಗುತ್ತದೆ. ಆಗಲಿ.

ಸಿಗರೇಟು, ವೇಪ್ (ಇ-ಸಿಗರೇಟು), ಮದ್ಯದ ಬಗ್ಗೆ ಭಯ ಹುಟ್ಟಿಸುವ ಕತೆಗಿಂತ ಒಂದು ಒಪ್ಪಂದ ಕೆಲಸಕ್ಕೆ ಬರುತ್ತದೆ. "ಎಲ್ಲಿಂದಾದರೂ, ಎಷ್ಟು ಹೊತ್ತಿಗಾದರೂ ಫೋನ್ ಮಾಡು. ಬಂದು ಕರ್ಕೊಂಡು ಹೋಗ್ತೀನಿ. ಅವತ್ತು ರಾತ್ರಿ ಒಂದು ಪ್ರಶ್ನೆಯನ್ನೂ ಕೇಳಲ್ಲ." ಮಾತು ಕೊಟ್ಟ ಮೇಲೆ ನಿಜವಾಗಿಯೂ ಕೇಳಬಾರದು. ಬೆಳಗ್ಗೆ ಕೇಳಿ.

ಹಂತ 6: ಫೋನಿಗೆ ಜಾಗ ಮತ್ತು ಹೊತ್ತು

ದಿನಕ್ಕೆ ಇಷ್ಟೇ ನಿಮಿಷ ಅಂತ ಹದಿನಾರರ ಮಗುವಿನ ಜೊತೆ ಜಗಳ ಆಡಿ ಗೆದ್ದವರನ್ನು ನಾನು ನೋಡಿಲ್ಲ. ಎಲ್ಲಿ, ಯಾವಾಗ ಇರಬಾರದು ಅನ್ನುವುದು ಸುಲಭ: ಊಟದಲ್ಲಿ, ಓದುವ ಹೊತ್ತಿನಲ್ಲಿ, ಮಲಗುವ ಕೋಣೆಯಲ್ಲಿ. ಹೆಡ್‌ಫೋನ್ ಸದ್ದು ಪೂರ್ತಿಯ 60 ಪರ್ಸೆಂಟ್ ದಾಟದಿರಲಿ. ಒಮ್ಮೆ ಹೋದ ಕಿವಿ ಮತ್ತೆ ಬರುವುದಿಲ್ಲ.

ಇದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಆನ್‌ಲೈನ್‌ನಲ್ಲಿ ಯಾರಾದರೂ ಫೋಟೋ ಇಟ್ಟುಕೊಂಡು ಹೆದರಿಸಿದರೆ, ಗುಂಪಿನಲ್ಲಿ ಸೇರಿ ಅವಮಾನ ಮಾಡಿದರೆ, ಮಗು ಮನೆಯಲ್ಲಿ ಯಾಕೆ ಹೇಳುವುದಿಲ್ಲ? ಹೇಳಿದರೆ ಫೋನ್ ಕಿತ್ತುಕೊಳ್ಳುತ್ತಾರೆ ಎಂಬ ಭಯ. ಹಾಗಾಗಿ ಏನೂ ಆಗದಿರುವಾಗಲೇ ಹೇಳಿಡಿ: "ನಿಂದೇ ತಪ್ಪಿದ್ದರೂ ಪರವಾಗಿಲ್ಲ, ಮೊದಲು ನನಗೆ ಹೇಳು. ಫೋನ್ ತಗೊಳ್ಳಲ್ಲ. ಒಟ್ಟಿಗೆ ನೋಡೋಣ." ಅಂಥದ್ದು ನಡೆದೇ ಬಿಟ್ಟರೆ ದುಡ್ಡು ಕಳಿಸಬೇಡಿ, ಹೆದರಿಸಿದವರಿಗೆ ಉತ್ತರಿಸಬೇಡಿ. ಮೆಸೇಜುಗಳನ್ನು ಅಳಿಸದೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಆಮೇಲೆ ಬ್ಲಾಕ್ ಮಾಡಿ, ಪೊಲೀಸರಿಗೆ ದೂರು ಕೊಡಿ.

ಹಂತ 7: ಮನಸ್ಸಿನ ಕಡೆ ಕಿವಿ ಇರಲಿ

10ರಿಂದ 19 ವಯಸ್ಸಿನ ಏಳು ಜನರಲ್ಲಿ ಒಬ್ಬರಿಗೆ ಯಾವುದಾದರೂ ಮಾನಸಿಕ ಕಾಯಿಲೆ ಇರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ ಲೆಕ್ಕ ಹಾಕಿ.

ಖಿನ್ನತೆ ಅಂದರೆ ಮಂಕಾಗಿ ಕೂತು ಅಳುವುದು ಅಂತ ನಾವು ತಿಳಿದಿರುತ್ತೇವೆ. ಈ ವಯಸ್ಸಲ್ಲಿ ಅದು ಸಿಟ್ಟಿನ ವೇಷದಲ್ಲಿ ಬರುವುದುಂಟು. ಬಾಗಿಲು ಬಡಿಯುವುದು, ಕೆರಳುವುದು, ಪದೇ ಪದೇ ತಲೆನೋವು ಹೊಟ್ಟೆನೋವು. ಒಂದು ಕೆಟ್ಟ ದಿನ, ಒಂದು ಕೆಟ್ಟ ವಾರ ಎಲ್ಲರಿಗೂ ಇದೆ. ಮೊದಲು ಇಷ್ಟವಿದ್ದದ್ದನ್ನೆಲ್ಲ ಬಿಡುವುದು, ಗೆಳೆಯರಿಂದ ದೂರವಾಗುವುದು, ನಿದ್ದೆ ಊಟ ಏರುಪೇರಾಗುವುದು, "ನಾನು ಯಾತಕ್ಕೂ ಬಾರದವನು" ಎಂಬ ಮಾತು ಎರಡು ವಾರ ದಾಟಿಯೂ ನಡೆದಿದ್ದರೆ ಅದನ್ನು ವಯಸ್ಸಿನ ಮೇಲೆ ಹಾಕಬೇಡಿ.

ಮಾತಾಡಿಸುವುದು ಹೇಗೆ? ಎದುರು ಕೂರಿಸಿಕೊಂಡು "ಏನು ನಿನ್ನ ಸಮಸ್ಯೆ?" ಅಂದರೆ ಪೊಲೀಸ್ ಠಾಣೆಯ ಹಾಗಿರುತ್ತದೆ. ಪಕ್ಕಪಕ್ಕ ಇರುವಾಗ ಮಾತು ಸಲೀಸು: ಗಾಡಿಯಲ್ಲಿ ಹೋಗುವಾಗ, ಬಟ್ಟೆ ಮಡಚುವಾಗ, ರಾತ್ರಿ ದೀಪ ಆರಿಸಿದ ಮೇಲೆ. ಕಂಡದ್ದನ್ನು ಹೇಳಿ, ತೀರ್ಪು ಹೇಳಬೇಡಿ. "ನೀನು ಎರಡು ವಾರದಿಂದ ಆಟಕ್ಕೆ ಹೋಗಿಲ್ಲ. ಏನಾದ್ರೂ ಭಾರ ಅನಿಸ್ತಿದೆಯಾ?" ಅಷ್ಟು ಹೇಳಿ ಸುಮ್ಮನಾಗಿ. ಆ ಮೌನ ಹಿಂಸೆ ಅನಿಸುತ್ತದೆ. ನಾನು ಹಲವು ಸಲ ನಾನೇ ಬಾಯಿ ಹಾಕಿ ಕೆಡಿಸಿದ್ದೇನೆ. ಮಗು ಹೇಳಲು ಶುರು ಮಾಡಿದರೆ ಪರಿಹಾರ ಸುರಿಯಬೇಡಿ. "ಕೇಳ್ತಿರಬೇಕಾ, ಏನಾದ್ರೂ ಮಾಡಬೇಕಾ?" ಎಂದು ಅದನ್ನೇ ಕೇಳಿ.

ಸಾವಿನ ಮಾತು ಬಂದರೆ, ಅಥವಾ ಇಷ್ಟದ ವಸ್ತುಗಳನ್ನು ಹಂಚುವುದು, ಕೈ ಕುಯ್ದುಕೊಂಡ ಗುರುತು, "ನಾನಿಲ್ಲದಿದ್ದರೆ ಚೆನ್ನಾಗಿರುತ್ತೆ" ಎಂಬ ಮಾತು ಕಂಡರೆ ನೇರವಾಗಿ ಕೇಳಿ: "ಸಾಯಬೇಕು ಅಂತ ಅನಿಸ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ, ಹಾಗಾಗುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಎಷ್ಟೋ ಮಕ್ಕಳಿಗೆ ಕೊನೆಗೂ ಯಾರೋ ಕೇಳಿದರಲ್ಲ ಎಂಬ ಹಗುರ ಸಿಗುತ್ತದೆ. "ಹೌದು" ಅಂದರೆ ಬೈಗುಳ, ಅಳು, ಬುದ್ಧಿವಾದ ಎಲ್ಲ ಬದಿಗಿರಲಿ. ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಮಾತ್ರೆ, ಕ್ರಿಮಿನಾಶಕ, ಹರಿತವಾದ ವಸ್ತು ಬೀಗದೊಳಗೆ ಹೋಗಲಿ. ಅವತ್ತೇ ಡಾಕ್ಟರ್ ಅಥವಾ ತುರ್ತು ಸಹಾಯವಾಣಿಯ ನೆರವು ಪಡೆಯಿರಿ.

ಹಂತ 8: ಡಾಕ್ಟರ್ ಕೋಣೆಯಲ್ಲಿ ನೀವು ಹಿಂದೆ ಸರಿಯಿರಿ

ವರ್ಷಕ್ಕೊಮ್ಮೆ ಕಾಯಿಲೆ ಇಲ್ಲದಿರುವಾಗಲೂ ಒಂದು ತಪಾಸಣೆ ಇರಲಿ: ಎತ್ತರ, ತೂಕ, ರಕ್ತದೊತ್ತಡ, ಕಣ್ಣು, ಹಲ್ಲು, ಬಾಕಿ ಇರುವ ಲಸಿಕೆ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆ ಮೊದಲು ಗುರಿಯಿಡುವುದು 9ರಿಂದ 14 ವಯಸ್ಸಿನ ಹುಡುಗಿಯರನ್ನು. ಹಲವು ದೇಶಗಳಲ್ಲಿ ಹುಡುಗರಿಗೂ ಕೊಡುತ್ತಾರೆ. ತಪ್ಪಿದ್ದರೆ ಈಗಲೂ ವಿಚಾರಿಸಿ. ಟೆಟನಸ್, ಡಿಫ್ತೀರಿಯಾ ಬೂಸ್ಟರ್ ಕೂಡ ಈ ವಯಸ್ಸಿನ ಪಟ್ಟಿಯಲ್ಲಿದೆ.

ಹೈಸ್ಕೂಲ್ ಮುಗಿಯುವುದರೊಳಗೆ ಮಗುವಿಗೆ ತನ್ನ ರಕ್ತದ ಗುಂಪು, ಅಲರ್ಜಿ, ಹಿಂದೆ ಆದ ಕಾಯಿಲೆ, ತೆಗೆದುಕೊಳ್ಳುವ ಔಷಧಿಯ ಹೆಸರು ಬಾಯಿಗೆ ಬರಬೇಕು. ಕಾಗದಗಳ ಫೈಲನ್ನು ಅದರ ಕೈಗೇ ಕೊಡಿ. ಅಪಾಯಿಂಟ್‌ಮೆಂಟ್‌ಗೆ ಅದೇ ಫೋನ್ ಮಾಡಲಿ, ನೀವು ಪಕ್ಕದಲ್ಲಿರಿ.

ಡಾಕ್ಟರ್ ಜೊತೆ ಸ್ವಲ್ಪ ಹೊತ್ತು ಮಗು ಒಂಟಿಯಾಗಿ ಮಾತಾಡಲಿ. ಹದಿಹರೆಯದವರನ್ನು ನೋಡುವ ಒಳ್ಳೆಯ ಡಾಕ್ಟರುಗಳು ತಾವೇ ಹೀಗೆ ಕೇಳುತ್ತಾರೆ. ಕೇಳದಿದ್ದರೆ ನೀವೇ "ನಾನು ಹೊರಗಿರ್ತೀನಿ" ಅನ್ನಿ. ಬಂದ ಮೇಲೆ ಒಳಗೆ ಏನು ಮಾತಾಯ್ತು ಅಂತ ಕೆದಕಬೇಡಿ. ಜೀವಕ್ಕೆ ಅಪಾಯ ಇರುವಂಥದ್ದಾದರೆ ಅವರೇ ಹೇಳುತ್ತಾರೆ.

ಮಗನಿಗೆ ಹದಿನೈದಾಗಿದ್ದಾಗ ತಿಂಗಳುಗಟ್ಟಲೆ ಬೆಳಗಿನ ಹೊಟ್ಟೆನೋವು ಇತ್ತು. ಡಾಕ್ಟರ್ "ಏನಾಗ್ತಿದೆ?" ಅಂತ ಅವನನ್ನು ಕೇಳಿದರು. ಅಭ್ಯಾಸಬಲದಿಂದ ನಾನು ಬಾಯಿ ತೆರೆದೆ, ಅವರು ಕೈ ಎತ್ತಿ ತಡೆದರು. ಅವನು ಸ್ವಲ್ಪ ಹೊತ್ತು ಗೋಡೆ ನೋಡಿದ. ಆಮೇಲೆ ಹೇಳಿದ, "ದಿನಾ ಬರಲ್ಲ ಡಾಕ್ಟ್ರೇ. ಸೋಮವಾರ, ಗುರುವಾರ ಮಾತ್ರ." ಆ ಎರಡು ದಿನ ಮೊದಲ ಪೀರಿಯಡ್ ಯಾವುದು ಅಂತ ನನಗೆ ಗೊತ್ತಿರಲಿಲ್ಲ. ನಾನು ಎದ್ದು ಹೊರಗೆ ಹೋಗಿ ಬೆಂಚಿನ ಮೇಲೆ ಕೂತೆ.